ಮಳೆಗಾಗಿ ಬಿಟ್ಟ ಕಾಡು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ, ಕೆಲಸ ಸಿಗೋ ಬಗ್ಗೆ ಏನಾದರೂ ಹೇಳು, ಮಕ್ಕಳಿಗೆ ಉಪಯೋಗ ಆಗುತ್ತೆ" ಎಂದರು. ಅದನ್ನು ಯಾರಾದರೂ ಊಟದ ಹೊತ್ತಿಗೆ ಕೇಳಿದರೆ ಖಂಡಿತ ಹೇಳುತ್ತೇನೆ. ಬಿ.ಇ. ಮುಗಿಸಿ ಹದಿನೈದು ವರ್ಷ ಅದನ್ನೇ ಮಾಡಿದ್ದೇನೆ, ಹೇಳಲು ಕಷ್ಟವಿಲ್ಲ. ಆದರೆ ಮೈಕು ಸಿಕ್ಕಿರುವ ಈ ಇಪ್ಪತ್ತು ನಿಮಿಷದಲ್ಲಿ ನಾನು ಒಂದು ಕಾಡಿನ ಬಗ್ಗೆ ಮಾತಾಡುತ್ತೇನೆ. ಆ ಕಾಡು ಇಲ್ಲಿಂದ ಸುಮಾರು ಅರ್ಧ ಭೂಮಿ ಆಚೆ, ಕೆರಿಬಿಯನ್ ಸಮುದ್ರದ ಟೊಬಾಗೊ ಎಂಬ ಪುಟ್ಟ ದ್ವೀಪದಲ್ಲಿದೆ. ಅಲ್ಲಿಂದ ಹೊರಟು ಕೊನೆಗೆ ನಮ್ಮ ಶಾಲೆಯ ಹಿಂದಿರುವ ಮಣ್ಣುದಿಬ್ಬಕ್ಕೆ ಬಂದು ನಿಲ್ಲುತ್ತೇನೆ. ಯಾಕೆ ಎಂದು ಆಮೇಲೆ ಗೊತ್ತಾಗುತ್ತದೆ.

ಕ್ರಿಕೆಟ್ ನೋಡುವವರಿಗೆ ಟ್ರಿನಿಡಾಡ್ ಮತ್ತು ಟೊಬಾಗೊ ಎಂಬ ದೇಶದ ಹೆಸರು ಗೊತ್ತು, ಬ್ರಿಯಾನ್ ಲಾರಾ ಅಲ್ಲಿಯವರು. ಎರಡು ದ್ವೀಪ ಸೇರಿ ಒಂದು ದೇಶ. ದೊಡ್ಡದಾದ ಟ್ರಿನಿಡಾಡ್‌ನಲ್ಲಿ ನಮ್ಮ ಕಂಪನಿಯ ಒಂದು ಕೆಲಸವಿತ್ತು, 2019ರಲ್ಲಿ ನನ್ನನ್ನು ಮೂರು ತಿಂಗಳು ಕಳಿಸಿದ್ದರು. ಅಲ್ಲಿ ಇಳಿದ ಮೊದಲ ದಿನವೇ ಬೀದಿಯಲ್ಲಿ ರೊಟ್ಟಿ, ಕಡಲೆ ಪಲ್ಯ, ಮಾವಿನಕಾಯಿ ಚಟ್ನಿ ಸಿಕ್ಕಿತು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗಿನಲ್ಲಿ ಮೊದಲ ಭಾರತೀಯ ಕೂಲಿಗಳು ಅಲ್ಲಿಗೆ ಹೋದರು. ಕಬ್ಬಿನ ಗದ್ದೆಗೆಂದು ಕರಾರು ಬರೆಸಿಕೊಂಡು ಒಯ್ದವರು. ಅವರ ಮರಿಮಕ್ಕಳು ಇಂದು ಅಲ್ಲಿನ ಡಾಕ್ಟರು, ಮಂತ್ರಿ, ಅಂಗಡಿಯವರು. ಆ ಕಥೆಯೇ ಒಂದು ದಿನದ್ದು, ಬಿಡಿ. ಮಾರ್ಚ್ ತಿಂಗಳಲ್ಲಿ ಕಾರ್ನಿವಲ್ ಹಬ್ಬಕ್ಕೆ ರಜೆ ಬಂತು. ಊರೆಲ್ಲ ಬಣ್ಣ, ಗದ್ದಲ. ಗದ್ದಲ ಆಗದ ನಾನು ಹಡಗು ಹತ್ತಿ, ಸುಮಾರು ಮೂರು ಗಂಟೆ ವಾಂತಿ ತಡೆದುಕೊಂಡು ಟೊಬಾಗೊಗೆ ಹೋದೆ.

ಟೊಬಾಗೊ ಎಷ್ಟು ದೊಡ್ಡದು? ಉದ್ದ 40 ಕಿಲೋಮೀಟರು, ಅಗಲ 10 ಕಿಲೋಮೀಟರು. ನಮ್ಮ ಒಂದು ತಾಲೂಕಿಗಿಂತ ಚಿಕ್ಕದು. ಮಲಗಿದ ದನದ ಬೆನ್ನುಮೂಳೆಯ ಹಾಗೆ ಅದರ ನಡುವೆ ಒಂದು ಬೆಟ್ಟಸಾಲು, ಹೆಚ್ಚೆಂದರೆ 550 ಮೀಟರ್ ಎತ್ತರ. ಮೈನ್ ರಿಡ್ಜ್ ಎಂದು ಹೆಸರು. ಅದರ ಮೇಲಿನ ಸುಮಾರು ಹತ್ತು ಸಾವಿರ ಎಕರೆ ಕಾಡನ್ನು 1776ರ ಏಪ್ರಿಲ್ 13ರಂದು ಕಾನೂನು ಮಾಡಿ ಮೀಸಲಿಟ್ಟರು. ಅಮೆರಿಕದವರು ಸ್ವಾತಂತ್ರ್ಯ ಘೋಷಿಸಿದ್ದು ಅದೇ ವರ್ಷ ಜುಲೈಯಲ್ಲಿ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನವನ ಆದದ್ದು 1872ರಲ್ಲಿ. ಅಂದರೆ ಅದಕ್ಕೂ 96 ವರ್ಷ ಮೊದಲು, ಒಂದು ಪುಟ್ಟ ದ್ವೀಪದವರು ಇಷ್ಟು ಕಾಡನ್ನು ಮುಟ್ಟಬಾರದು ಎಂದು ಬರೆದಿಟ್ಟರು.

ಆ ಕಾನೂನಿನಲ್ಲಿ ಹಕ್ಕಿಯ ಮಾತಿಲ್ಲ, ಪ್ರಾಣಿಯ ಮಾತಿಲ್ಲ. ಮಳೆಯ ರಕ್ಷಣೆಗಾಗಿ ಈ ಕಾಡು ಎಂದು ಬರೆದಿದ್ದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಇದರ ಹಿಂದೆ ಒಂದು ಹೈಸ್ಕೂಲು ಮಟ್ಟದ ಪ್ರಯೋಗವಿದೆ, ಒಂಬತ್ತನೇ ತರಗತಿಯವರು ಗಮನಿಸಿ. ಇಂಗ್ಲೆಂಡಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದ್ದರು. ಅವರು ಕುಂಡದಲ್ಲಿ ಸೂರ್ಯಕಾಂತಿ ಬೆಳೆಸಿ, ಮಣ್ಣಿನಿಂದ ನೀರು ಆವಿಯಾಗದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ, ಬೆಳಿಗ್ಗೆ ಸಂಜೆ ತಕ್ಕಡಿಯಲ್ಲಿ ತೂಗಿದರು. ಹಗಲಿನ ಹನ್ನೆರಡು ಗಂಟೆಯಲ್ಲಿ ಸರಾಸರಿ ಅರ್ಧ ಕಿಲೋಗಿಂತ ಹೆಚ್ಚು ತೂಕ ಕಡಿಮೆಯಾಗುತ್ತಿತ್ತು. ಅಷ್ಟು ನೀರನ್ನು ಆ ಒಂದು ಗಿಡ ಎಲೆಯ ಮೂಲಕ ಗಾಳಿಗೆ ಬಿಟ್ಟಿತ್ತು. ನಾವು ಬಾಷ್ಪವಿಸರ್ಜನೆ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಹೇಲ್ಸ್ ತಮ್ಮ ಪುಸ್ತಕ ಅಚ್ಚು ಮಾಡಿಸಿದ್ದು 1727ರಲ್ಲಿ. ಒಂದು ಗಿಡ ಇಷ್ಟು ನೀರು ಬಿಟ್ಟರೆ ಒಂದು ಬೆಟ್ಟದ ಕಾಡು ಎಷ್ಟು ಬಿಟ್ಟೀತು, ಕಾಡು ಕಡಿದರೆ ಮಳೆಯ ಗತಿ ಏನು ಎಂಬ ಯೋಚನೆ ಹಬ್ಬಿತು. ಇಂಗ್ಲೆಂಡಿನ ಸಂಸತ್ತಿನಲ್ಲಿದ್ದ ಸೋಮ್ ಜೆನಿನ್ಸ್ ಎಂಬವರು ಈ ಮಾತು ಹಿಡಿದು, ಬೆಟ್ಟದ ನೆತ್ತಿಯ ಕಾಡು ಉಳಿಸಬೇಕೆಂದು ವರ್ಷಗಟ್ಟಲೆ ವಾದ ಮಾಡಿದರು. ಹನ್ನೊಂದು ವರ್ಷ ಹಿಡಿಯಿತಂತೆ. ನಮ್ಮ ಊರಿನ ರಸ್ತೆಯ ಫೈಲಿಗಿಂತ ಸ್ವಲ್ಪ ಬೇಗವೇ ಆಯಿತು ಎನ್ನಿ.

ಮರಗಳೇ ಮಳೆ ತರುತ್ತವೆಯೋ ಎಂದು ವಿಜ್ಞಾನದ ಮೇಷ್ಟ್ರು ನನ್ನನ್ನು ಕೇಳಬಹುದು. ಅಷ್ಟು ಚಿಕ್ಕ ದ್ವೀಪದಲ್ಲಿ ಮಳೆ ತರುವುದು ಮುಖ್ಯವಾಗಿ ಸಮುದ್ರದ ಗಾಳಿ. ಅದು ಬೆಟ್ಟಕ್ಕೆ ಬಡಿದು ಮೇಲೇರಿ ತಂಪಾಗಿ ಸುರಿಯುತ್ತದೆ. ಆದರೆ ಬಿದ್ದದ್ದನ್ನು ಹಿಡಿದಿಟ್ಟು ಹೊಳೆಗೆ ಬಿಡುವುದು, ಮಣ್ಣು ಜಾರದಂತೆ ನೋಡುವುದು ಕಾಡಿನ ಕೆಲಸ. ಕಾರಣ ಅರ್ಧ ಸರಿಯಾಗಿತ್ತು, ಕೆಲಸ ಪೂರ್ತಿ ಸರಿಯಾಗಿತ್ತು. ಇಂದಿಗೂ ಅಲ್ಲಿನ ಜನ ಕುಡಿಯುವ ನೀರು ತುಂಬುವ ಹಿಲ್ಸ್‌ಬರೋ ಅಣೆಕಟ್ಟೆ ಆ ಬೆಟ್ಟದ ಮಗ್ಗುಲಲ್ಲೇ ಇದೆ.

ಕಾಡಿನೊಳಗೆ ಹೋಗಲು ಗಿಲ್ಪಿನ್ ಟ್ರೇಸ್ ಎಂಬ ಕಾಲುದಾರಿ ಇದೆ. ದಾರಿಯ ಬಾಯಲ್ಲಿ ರಬ್ಬರ್ ಬೂಟು ಬಾಡಿಗೆಗೆ ಕೊಡುತ್ತಾರೆ. ನಾನು ಮಲೆನಾಡಿನವನು, ಕೆಸರು ನನಗೇನು ಹೊಸದೇ ಎಂದು ಸ್ಪೋರ್ಟ್ಸ್ ಶೂನಲ್ಲೇ ಹೊರಟೆ. ನೂರು ಹೆಜ್ಜೆಗೇ ಬಿದ್ದೆ. ನನ್ನ ಜೊತೆ ಬಂದ ಮಾರ್ಗದರ್ಶಕ ಆ ಊರಿನವನೇ, ಐವತ್ತು ದಾಟಿದವನು. ನಗಲಿಲ್ಲ, ಸುಮ್ಮನೆ ಹಿಂದೆ ಹೋಗಿ ಬೂಟು ತಂದುಕೊಟ್ಟ.

ಒಳಗೆ ಹೋದರೆ ನಮ್ಮ ಆಗುಂಬೆಯೇ. ಅದೇ ಒದ್ದೆ ವಾಸನೆ, ಅದೇ ಮಬ್ಬು. ಮರದ ಎತ್ತರಕ್ಕೆ ಬೆಳೆದ ಜರೀಗಿಡಗಳು, ಕೊಂಬೆಗಳ ಮೇಲೆ ಅನಾನಸ್ ಜಾತಿಯ ಗಿಡಗಳು ಕೂತು ಎಲೆಯ ಬುಡದಲ್ಲಿ ನೀರು ಕಟ್ಟಿಕೊಂಡಿರುತ್ತವೆ. ಬಾಳೆಯ ದಾಯಾದಿಯಂತಿರುವ ಹೆಲಿಕೋನಿಯ ಕೆಂಪು ಹೂ ಬಿಟ್ಟಿರುತ್ತದೆ. ಆದರೆ ಹತ್ತಿರ ಹೋದರೆ ಒಂದೂ ನಮ್ಮದಲ್ಲ. ಟೊಬಾಗೊದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಕೆಲವು ಗಿಡಗಳೂ ಇವೆ. ಅದರಲ್ಲೊಂದು ನಮ್ಮ ಆಡುಸೋಗೆಯ ಕುಲದ್ದು, ಇನ್ನೊಂದು ಸೀತಾಫಲದ ಕುಟುಂಬದ್ದು.

ಟೊಬಾಗೊ ಒಂದು ಕಾಲದಲ್ಲಿ ದಕ್ಷಿಣ ಅಮೆರಿಕದ ಭೂಮಿಗೆ ಅಂಟಿಕೊಂಡಿತ್ತು. ಹಾಗಾಗಿ ಅಲ್ಲಿನ ಪ್ರಾಣಿಗಳೆಲ್ಲ ಆ ಖಂಡದ ನೆಂಟರು. ಚಿಪ್ಪಿನ ಮೈಯ ಆರ್ಮಡಿಲೊ ಇದೆ. ಅದು ಹೆತ್ತರೆ ನಾಲ್ಕು ಮರಿ, ನಾಲ್ಕೂ ಒಂದೇ ಮೊಟ್ಟೆಯಿಂದ ಒಡೆದ ತದ್ರೂಪು ಮರಿಗಳು. ಅಗೂಟಿ ಎಂಬ ಬಾಲವಿಲ್ಲದಂಥ ದೊಡ್ಡ ದಂಶಕ ಬೀಜಗಳನ್ನು ಮಣ್ಣಿನಲ್ಲಿ ಹೂತಿಟ್ಟು ಅರ್ಧ ಮರೆತುಬಿಡುತ್ತದೆ, ಮರೆತದ್ದು ಮರವಾಗುತ್ತದೆ. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಒಪೋಸಮ್‌ಗೆ ಅಲ್ಲಿ ಮನಿಕೂ ಎನ್ನುತ್ತಾರೆ. ಮಂಗ ಇಲ್ಲ. ನಮ್ಮ ತೋಟದವರು ಕೇಳಿಸಿಕೊಂಡರೆ ಅಲ್ಲೇ ಜಮೀನು ಕೊಂಡಾರು! ಮನುಷ್ಯನನ್ನು ಕೊಲ್ಲುವಂಥ ವಿಷದ ಹಾವೂ ಇಲ್ಲ. ಪಕ್ಕದ ಟ್ರಿನಿಡಾಡ್‌ನಲ್ಲಿ ಅಂಥವು ನಾಲ್ಕು ಜಾತಿ ಇವೆ, ಇಲ್ಲಿ ಒಂದೂ ಇಲ್ಲ.

ಕಪ್ಪೆಗಳ ಬಗ್ಗೆ ಎರಡು ಮಾತು. ಒಂದು ಗಾಜುಕಪ್ಪೆ. ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಒಳಗಿನ ಅಂಗ ಕಾಣುತ್ತದೆ. ಅದು ಹೊಳೆಯ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸುತ್ತದೆ, ಮರಿ ಹೊರಬಂದು ನೇರ ನೀರಿಗೆ ಬೀಳುತ್ತದೆ. ಇನ್ನೊಂದು ಟೊಬಾಗೊದಲ್ಲಿ ಮಾತ್ರ ಇರುವ ಚಿಕ್ಕ ಕಂದುಕಪ್ಪೆ, ಅಲ್ಲಿನ ಒಂದು ಕೊಲ್ಲಿಯ ಹೆಸರಲ್ಲಿ ಬ್ಲಡಿ ಬೇ ಕಪ್ಪೆ ಎನ್ನುತ್ತಾರೆ. ಅದರ ಗಂಡು ಮರಿಗಳನ್ನು ಬೆನ್ನ ಮೇಲೆ ಹೊತ್ತು ನೀರಿಗೆ ಒಯ್ದು ಬಿಡುತ್ತದೆ. ಮಾರ್ಗದರ್ಶಕ ಒಂದು ತೊರೆಯ ಹತ್ತಿರ ಬೆರಳು ತೋರಿಸಿದ. ನನಗೆ ಕಲ್ಲು ಮಾತ್ರ ಕಂಡಿತು. ಐದು ನಿಮಿಷ ನೋಡಿದ ಮೇಲೆ ಕಲ್ಲೊಂದು ಜಿಗಿಯಿತು. ಬೆನ್ನ ಮೇಲೆ ಕರಿಎಳ್ಳಿನಂತೆ ಮರಿಗಳಿದ್ದವು. ಹೊಳೆ ಬತ್ತಿದರೆ ಈ ಎರಡು ಕಪ್ಪೆಗೂ ಗತಿಯಿಲ್ಲ. ಮಳೆಗೆಂದು ಬಿಟ್ಟ ಕಾಡು ಯಾರನ್ನೆಲ್ಲ ಸಾಕಿತು ನೋಡಿ, ಕಾನೂನು ಬರೆದವರಿಗೆ ಈ ಕಪ್ಪೆ ಇದೆ ಎಂದೇ ಗೊತ್ತಿರಲಿಲ್ಲ.

ನೀಲಿಬೆನ್ನಿನ ಮನಕಿನ್ ಎಂಬ ಗುಬ್ಬಿಯಷ್ಟಿನ ಹಕ್ಕಿಯನ್ನೂ ಕಂಡೆ. ಕಪ್ಪು ಮೈ, ಆಕಾಶನೀಲಿ ಬೆನ್ನು, ತಲೆಗೆ ಕೆಂಪು ಟೋಪಿ. ಇದರಲ್ಲಿ ಎರಡು ಗಂಡುಗಳು ಒಂದೇ ಕಡ್ಡಿಯ ಮೇಲೆ ಕೂತು, ಒಂದರ ಮೇಲೊಂದು ಹಾರಿ ಚಕ್ರದಂತೆ ಸುತ್ತುತ್ತ ಹೆಣ್ಣಿನ ಮುಂದೆ ಕುಣಿಯುತ್ತವೆ. ಮೆಚ್ಚಿಗೆಯಾದರೆ ಜೋಡಿಯಾಗುವುದು ಹಿರಿಯ ಗಂಡು ಮಾತ್ರ. ಕಿರಿಯದು ವರ್ಷಗಟ್ಟಲೆ ಪಕ್ಕವಾದ್ಯ ನುಡಿಸುತ್ತ ತನ್ನ ಸರದಿಗೆ ಕಾಯಬೇಕು. ನಮ್ಮ ಆಫೀಸಿನ ಪ್ರಮೋಷನ್ ನೆನಪಾಯಿತು.

ಇಲ್ಲಿಂದ ನನ್ನ ನಿಜವಾದ ವಿಷಯ. ದಾರಿಯ ಒಂದು ತಿರುವಿನಲ್ಲಿ ರಸ್ತೆ ಕಡಿದ ಕೆಂಪುಮಣ್ಣಿನ ಗೋಡೆಯಿತ್ತು, ಅದರಲ್ಲಿ ಬಿಲಗಳು. ಮೊದಲು ಕಂಡದ್ದು ಜಕಮಾರ್. ಹೊಳೆಯುವ ಹಸಿರು ಮೈ, ಸೂಜಿಯಂಥ ಉದ್ದ ಕೊಕ್ಕು. ಗಾಳಿಯಲ್ಲಿ ಚಿಟ್ಟೆ ಹಿಡಿದು ತಂದು, ಕೊಂಬೆಗೆ ಬಡಿದು ರೆಕ್ಕೆ ಕಳಚಿ ತಿನ್ನುತ್ತದೆ. ನಮ್ಮ ಕಳ್ಳಿಪೀರದ ಅಣ್ಣ ಎಂದುಕೊಂಡೆ, ಆದರೆ ಅದು ಮರಕುಟಿಗನ ಕಡೆಯ ನೆಂಟ. ಕಳ್ಳಿಪೀರ, ಮಿಂಚುಳ್ಳಿಗಳ ನಿಜವಾದ ದಾಯಾದಿ ಅದೇ ಗೋಡೆಯಲ್ಲಿ ಮನೆ ಮಾಡುವ ಇನ್ನೊಂದು ಹಕ್ಕಿ, ಮೋಟ್‌ಮೋಟ್. ತಲೆ ನೀಲಿ, ಎದೆ ಕಂದು. ಬಾಲದ ತುದಿಯಲ್ಲಿ ನಮ್ಮ ಭೀಮರಾಜನಂತೆ ಎರಡು ಕುಚ್ಚು. ಗರಿಯ ನಡುವಿನ ಎಳೆಗಳು ತಾವಾಗಿ ಉದುರಿ ತುದಿಯಲ್ಲಿ ಮಾತ್ರ ಉಳಿಯುತ್ತವೆ. ಕೂತಲ್ಲೇ ಬಾಲವನ್ನು ಗಡಿಯಾರದ ಲೋಲಕದ ಹಾಗೆ ಆಡಿಸುತ್ತದೆ. ಇದು ಟ್ರಿನಿಡಾಡ್ ಮತ್ತು ಟೊಬಾಗೊ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಇಲ್ಲ. ತಮಾಷೆ ಎಂದರೆ ಇದರ ವೈಜ್ಞಾನಿಕ ಹೆಸರಿನಲ್ಲಿ ಬಹಾಮಾ ದ್ವೀಪಗಳ ಹೆಸರಿದೆ. ಯಾರದೋ ಕೈತಪ್ಪಿನಿಂದ ಇಲ್ಲದ ಊರು ಹೆಸರಿಗಂಟಿತು. ಆಧಾರ್ ಕಾರ್ಡಿನಲ್ಲಿ ತಪ್ಪಾದ ಹಾಗೆ, ತಿದ್ದಲೇ ಇಲ್ಲ.

ಆಗ ಮಾರ್ಗದರ್ಶಕ ಕೇಳಿದ, "ನಿಮ್ಮ ಊರಿನಲ್ಲಿ ಮಣ್ಣುಗೋಡೆಯಲ್ಲಿ ಬಿಲ ತೋಡುವ ಹಕ್ಕಿ ಯಾವುದು? ಯಾವ ತಿಂಗಳಲ್ಲಿ ತೋಡುತ್ತದೆ?"

ಹೆಸರು ಹೇಳಿದೆ. ತಿಂಗಳು ಗೊತ್ತಿರಲಿಲ್ಲ. ಆದರೆ ಬಿಲದ ಆಳ ಗೊತ್ತಿತ್ತು. ನನ್ನ ಮೊಣಕೈವರೆಗೆ ಹೋಗುತ್ತಿತ್ತು. ಹೇಗೆ ಗೊತ್ತು ಎಂದರೆ, ಎಂಟನೇ ತರಗತಿಯಲ್ಲಿ ಊಟದ ಬಿಡುವಿನಲ್ಲಿ ಈ ಶಾಲೆಯ ಹಿಂದಿನ ದಿಬ್ಬದ ಬಿಲಗಳಿಗೆ ಕೈ ಹಾಕಿ ಮೊಟ್ಟೆ ತೆಗೆಯುತ್ತಿದ್ದವರಲ್ಲಿ ನಾನೂ ಒಬ್ಬ. ಇಲ್ಲಿ ಕೂತು ನಗುತ್ತಿರುವ ಇನ್ನಿಬ್ಬರ ಹೆಸರು ಹೇಳುವುದಿಲ್ಲ. ಬಿಳಿ ಗೋಲಿಯಂಥ ಮೊಟ್ಟೆ. ತೆಗೆದು ಏನು ಮಾಡುತ್ತಿದ್ದೆವು? ಏನೂ ಇಲ್ಲ, ಎಸೆಯುತ್ತಿದ್ದೆವು. ಇದನ್ನು ಆ ಮನುಷ್ಯನಿಗೆ ಹೇಳಲು ನನ್ನ ಇಂಗ್ಲಿಷ್ ಸಾಕಿತ್ತು, ಧೈರ್ಯ ಸಾಲಲಿಲ್ಲ.

ಮುಂದೆ ಹೋದ ಮೇಲೆ ಅವನು ಮರಗಳ ವಯಸ್ಸಿನ ಬಗ್ಗೆ ಹೇಳಿದ. ಇಷ್ಟು ಹಳೆಯ ಮೀಸಲು ಕಾಡಿನಲ್ಲಿ ಮುದಿಮರಗಳೇ ತುಂಬಿರಬೇಕು ಎಂದುಕೊಂಡಿದ್ದೆ, ಹಾಗಿಲ್ಲ. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಎಂಬ ಚಂಡಮಾರುತ ಟೊಬಾಗೊ ಮೇಲೆ ಹಾಯ್ದಿತು. ತೆಂಗು, ಕೋಕೋ ತೋಟಗಳು ನೆಲಕಚ್ಚಿದವು. ಬೆಟ್ಟದ ಕಾಡಿನ ಬಹುಪಾಲು ಮರಗಳು ಮುರಿದವು, ಬುಡಮೇಲಾದವು. ತೋಟಗಾರಿಕೆ ಮತ್ತೆ ಮೊದಲಿನಂತೆ ತಲೆಯೆತ್ತಲೇ ಇಲ್ಲ. ನಾನು ನೋಡಿದ ಕಾಡು ಹೆಚ್ಚಿನದು ಅದಾದ ಮೇಲೆ ಎದ್ದದ್ದು, ನಮ್ಮ ಶಾಲೆಗಿಂತ ಹತ್ತಾರು ವರ್ಷ ದೊಡ್ಡದು ಅಷ್ಟೆ.

ಆ ಬಿರುಗಾಳಿಯಲ್ಲಿ ಒಂದು ಹಕ್ಕಿ ಕಾಣೆಯಾಯಿತು. ಬಿಳಿಬಾಲದ ಸೇಬರ್‌ವಿಂಗ್ ಎಂಬ ಝೇಂಕಾರದ ಹಕ್ಕಿ. ಹತ್ತು ಗ್ರಾಂ ಆಸುಪಾಸು ತೂಕ. ಹಸಿರು ಮೈ, ಗಂಟಲು ನೇರಳೆನೀಲಿ, ಬಾಲದ ಅಂಚು ಬಿಳಿ. ಗಂಡಿನ ರೆಕ್ಕೆಯ ಹೊರಗರಿಗಳ ದಂಟು ದಪ್ಪಗೆ ಬಾಗಿ ಕತ್ತಿಯಂತಿರುತ್ತದೆ, ಹೆಸರು ಅದರಿಂದಲೇ. ಟೊಬಾಗೊ ಬಿಟ್ಟರೆ ವೆನೆಜುವೆಲಾದ ಈಶಾನ್ಯ ಮೂಲೆಯ ಬೆಟ್ಟಗಳಲ್ಲಿ ಮಾತ್ರ ಇದೆ. ಫ್ಲೋರಾ ನಂತರ ದ್ವೀಪದಲ್ಲಿ ಅದು ಮುಗಿಯಿತು ಎಂದೇ ತಿಳಿದರು. ಕಾಡೇ ಇಲ್ಲ, ಹೂವಿಲ್ಲ, ಹತ್ತು ಗ್ರಾಂ ಜೀವ ಎಲ್ಲಿ ಬದುಕೀತು? 1974ರಲ್ಲಿ ಮತ್ತೆ ಕಂಡಿತು. ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದೆ, ಎಲ್ಲೋ ಗಾಳಿ ಮುಟ್ಟದ ಕಣಿವೆಯ ಒಂದು ತುಂಡು ಕಾಡಿನಲ್ಲಿ ಉಳಿದುಕೊಂಡಿತ್ತು.

ನನಗೆ ಅನ್ನಿಸಿದ್ದು ಇಷ್ಟು. ಬಿದ್ದ ಕಾಡನ್ನು ಯಾರೂ ನೆಡಲಾರರು, ಅದು ತಾನೇ ಏಳಬೇಕು. ಏಳಲು ಜಾಗ ಬೇಕು. 1963ರಲ್ಲಿ ಆ ಬೆಟ್ಟ ಬೋಳಾಗಿ ಮಲಗಿದ್ದಾಗ, ಇನ್ನೇನು ಉಳಿದಿದೆ, ತೋಟ ಮಾಡೋಣ ಎನ್ನಲು ಅಡ್ಡವಾಗಿ ಒಂದು ಹಳೆಯ ಕಾಗದವಿತ್ತು. 1776ರ ಆ ಕಾಗದ ಅತ್ಯಂತ ದೊಡ್ಡ ಕೆಲಸ ಮಾಡಿದ್ದು 187 ವರ್ಷದ ನಂತರ ಎಂದು ನನ್ನ ಲೆಕ್ಕ. 2020ರಲ್ಲಿ ಯುನೆಸ್ಕೊ ಈಶಾನ್ಯ ಟೊಬಾಗೊವನ್ನು ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿತು, ಈ ಬೆಟ್ಟ ಅದರ ಒಡಲು.

ಹಾಗೆಂದು ಆ ಕಾನೂನು ಮಾಡಿದವರನ್ನು ದೇವರು ಮಾಡಬೇಡಿ. ಕಬ್ಬಿನ ತೋಟದ ಧಣಿಗಳ ಕಾಲವದು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಬೆಟ್ಟದ ಕೆಳಗೆ ಚಾಟಿಯೇಟು ತಿನ್ನುತ್ತಿದ್ದರು. ಬೆಟ್ಟದ ಮೇಲಿನ ಮಳೆ ಬೇಕಾಗಿದ್ದುದು ಆ ಕಬ್ಬಿಗೆ. ಮರಕ್ಕೆ ಸಿಕ್ಕ ರಕ್ಷಣೆ ಮನುಷ್ಯರಿಗೆ ಸಿಗಲಿಲ್ಲ. ನನ್ನ ಮಾರ್ಗದರ್ಶಕ ಅದೇ ಗುಲಾಮರ ವಂಶದವನು. ಇದನ್ನೂ ಅವನೇ ಹೇಳಿದ, ಕಪ್ಪೆ ತೋರಿಸಿದಷ್ಟೇ ಸಮಾಧಾನದಿಂದ.

ಈ ವಿಚಾರದ ಎಳೆ ನಮ್ಮ ಜಿಲ್ಲೆಗೂ ಬಂದಿದೆ ಎಂದು ತಿಳಿದದ್ದು ಊರಿಗೆ ಮರಳಿದ ಮೇಲೆ. ಕಾಡು ಕಡಿದರೆ ಮಳೆ ಕೆಡುತ್ತದೆ ಎಂಬ ಮಾತು ಇಂಥ ದ್ವೀಪಗಳಿಂದ ಭಾರತದ ಅರಣ್ಯ ಆಡಳಿತದವರೆಗೆ ಹೇಗೆ ಹರಿಯಿತೆಂದು ಇತಿಹಾಸಕಾರ ರಿಚರ್ಡ್ ಗ್ರೋವ್ 1995ರ ತಮ್ಮ 'ಗ್ರೀನ್ ಇಂಪೀರಿಯಲಿಸಂ' ಪುಸ್ತಕದಲ್ಲಿ ಬರೆದಿದ್ದಾರೆ. ಅದರಲ್ಲಿ ಬರುವ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲೇ ಇದ್ದವರು. ದಿನಕ್ಕೊಂದು ಗಿಡದ ಚಿತ್ರವನ್ನು ಇಲ್ಲಿನ ಕಲಾವಿದನಿಂದ ಬರೆಸುತ್ತಿದ್ದರು. 1851ರಲ್ಲಿ ಉಷ್ಣವಲಯದ ಕಾಡುನಾಶದ ಬಗ್ಗೆ ಬ್ರಿಟನ್ನಿನ ವಿಜ್ಞಾನಿಗಳಿಗೆ ವರದಿ ಕೊಟ್ಟರು, 1856ರಲ್ಲಿ ಮದ್ರಾಸಿನ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು. ಕುಮ್ರಿ ಬೇಸಾಯದ ಬಡವರ ಮೇಲೆ ಅವರ ಕಣ್ಣು ಕೆಂಪಾಗಿತ್ತು ಎಂಬುದನ್ನೂ ಹೇಳಬೇಕು. ಇಲ್ಲಿಯೂ ಅದೇ ಕಥೆ, ಕಾಡಿಗೆ ಬೇಲಿ ಬಂದಾಗ ಹೊರಗುಳಿದವರು ಯಾರು ಎಂದು ನಮ್ಮ ಅಜ್ಜಂದಿರನ್ನು ಕೇಳಿದರೆ ಸಾಕು.

ಇನ್ನೊಂದು ಸಂಗತಿ. ಕಾಡಿನಿಂದ ಇಳಿಯುವಾಗ ರಸ್ತೆ ಬದಿಯಲ್ಲಿ ಪರಿಚಿತ ಹೂ ಕಂಡಿತು, ಹಳದಿ ಕೆಂಪು ಗೊಂಚಲು. ನಮ್ಮ ಲಂಟಾನ! ಗೋಮಾಳ ನುಂಗಿದ, ಬಂಡೀಪುರದ ಹುಲ್ಲು ನುಂಗಿದ ಅದೇ ಲಂಟಾನ. ಅದರ ತವರು ಆ ಕಡೆಯ ನಾಡುಗಳೇ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದದ ಗಿಡವೆಂದು ಭಾರತಕ್ಕೆ ತಂದರು. ತವರಿನಲ್ಲಿ ಅದು ಒಂದು ಮೂಲೆಯಲ್ಲಿ ಸಭ್ಯವಾಗಿ ನಿಂತಿತ್ತು, ಏಕೆಂದರೆ ಅದನ್ನು ತಿನ್ನುವ ಹುಳುಗಳು ಅಲ್ಲಿವೆ. ಇಲ್ಲಿಗೆ ಬರುವಾಗ ಗಿಡವನ್ನು ತಂದರು, ಹುಳುಗಳನ್ನು ತರಲಿಲ್ಲ. ಸೀಬೆ, ಪಪ್ಪಾಯಿ, ಗೋಡಂಬಿ ಕೂಡ ಅಮೆರಿಕ ಖಂಡದಿಂದಲೇ ಬಂದವು, ಅವುಗಳ ಬಗ್ಗೆ ನಮಗೆ ದೂರಿಲ್ಲ. ಅವರ ಬೀದಿಯ ಮಾವು ನಮ್ಮಿಂದ ಹೋದದ್ದು. ಅದಕ್ಕೇ "ಸ್ಥಳೀಯ" ಎಂಬ ಮಾತನ್ನು ನಾನು ಜಂಬಕ್ಕೆ ಬಳಸುವುದಿಲ್ಲ. ಯಾವ ಗಿಡವನ್ನು ಯಾವ ಹುಳು ತಿನ್ನುತ್ತದೆ, ಆ ಹುಳುವನ್ನು ಯಾವ ಹಕ್ಕಿ ತಿನ್ನುತ್ತದೆ, ಆ ಹಕ್ಕಿ ಯಾವ ಮಣ್ಣಿನಲ್ಲಿ ಬಿಲ ತೋಡುತ್ತದೆ ಎಂಬ ಹಳೆಯ ಪರಿಚಯಕ್ಕೆ ನಾನು ಆ ಹೆಸರು ಕೊಡುತ್ತೇನೆ.

ಈಗ ದಿಬ್ಬಕ್ಕೆ ಬರುತ್ತೇನೆ. ಸಮಿತಿಯವರು ಬೇಸರ ಮಾಡಿಕೊಳ್ಳಬಾರದು. ಮಹೋತ್ಸವದ ನೆನಪಿಗೆ ಬಯಲು ರಂಗಮಂದಿರ ಕಟ್ಟಲು ಶಾಲೆಯ ಹಿಂದಿನ ದಿಬ್ಬವನ್ನು ಸಮ ಮಾಡುವುದೆಂದು ತೀರ್ಮಾನವಾಗಿದೆ. ವಾಟ್ಸಾಪ್ ಗುಂಪಿನಲ್ಲಿ ಆ ನಕ್ಷೆ ಬಂದಾಗ ಮೊದಲು ಹೆಬ್ಬೆರಳು ಎತ್ತಿದವನು ನಾನೇ. ಬೆಂಗಳೂರಿನಲ್ಲಿ ಮೀಟಿಂಗಿನ ನಡುವೆ, ಚಿತ್ರವನ್ನು ದೊಡ್ಡದು ಮಾಡಿ ನೋಡದೆ ಒತ್ತಿದೆ. ಹಣವನ್ನೂ ಕಳಿಸಿದೆ. ಆಮೇಲೆ ಕಳೆದ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಸಂಜೆ ಆ ಕಡೆ ಹೋದೆ. ಪೂರ್ವದ ಕಡೆ ಕಡಿದ ಮಣ್ಣುಗೋಡೆಯಲ್ಲಿ ಒಂಬತ್ತು ಬಿಲಗಳಿದ್ದವು. ಆರರಲ್ಲಿ ಕಳ್ಳಿಪೀರಗಳು ಬಾಯಲ್ಲಿ ದುಂಬಿ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದವು. ಒಂದು ಬಿಲದ ಬಾಯಿ ದೊಡ್ಡದು, ಮಿಂಚುಳ್ಳಿಯದು. ಎರಡು ಖಾಲಿ.

ರಂಗಮಂದಿರ ಬೇಡ ಎನ್ನುತ್ತಿಲ್ಲ. ಇದೇ ಶಾಲೆಯ ನಾಟಕದಲ್ಲಿ ದ್ವಾರಪಾಲಕನಾಗಿ ನಿಂತು ಬೆವರಿದವನು ನಾನು, ಅದು ಬೇಕೇ ಬೇಕು. ನಕ್ಷೆಯನ್ನು ಪಶ್ಚಿಮಕ್ಕೆ ನಲವತ್ತು ಅಡಿ ಸರಿಸಿದರೆ ಪೂರ್ವದ ಗೋಡೆ ಉಳಿಯುತ್ತದೆ. ಅಷ್ಟು ಸರಿಸಿದರೆ ಹಳೆಯ ಸೈಕಲ್ ಶೆಡ್ ತೆಗೆಯಬೇಕಾಗುತ್ತದೆ, ಅದರ ಖರ್ಚು ನನ್ನದು ಮತ್ತು ಹೆಸರು ಹೇಳದ ಆ ಇನ್ನಿಬ್ಬರದು. ಅವರನ್ನು ನಿನ್ನೆ ರಾತ್ರಿಯೇ ಒಪ್ಪಿಸಿದ್ದೇನೆ. ಹೊಸ ನಕ್ಷೆ ನನ್ನ ಚೀಲದಲ್ಲಿದೆ, ಊಟದ ನಂತರ ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡುತ್ತಿದ್ದೇನೆ. ಯಾವ ವಾರ ಮೊದಲ ಬಿಲ ತೋಡಿದವು, ಯಾವ ವಾರ ಮರಿ ಹೊರಬಂದವು, ಬರೆದಿಡಿ. ಕೈ ಹಾಕಬೇಡಿ, ಆಳ ನಾನು ಹೇಳಿದ್ದೇನಲ್ಲ. ಟೊಬಾಗೊದ ಆ ಮನುಷ್ಯನ ಫೋನ್ ನಂಬರ್ ನನ್ನ ಬಳಿ ಇದೆ. ತಿಂಗಳು ಯಾವುದು ಎಂದು ಅವನಿಗೆ ಇನ್ನೂ ಉತ್ತರ ಹೇಳಿಲ್ಲ. ನಿಮ್ಮ ನೋಟ್‌ಬುಕ್ ನೋಡಿ ಹೇಳುತ್ತೇನೆ.